ದುಡ್ಡು ಖರ್ಚಾಯಿತು, ನಿಯಮ ಬದಲಾಯಿತೆ?

(ಬೆಂಗಳೂರಿನ ಸಿದ್ದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಅನುದಾನದ ವಿಚಾರ ಮಾತಾಡುವುದಕ್ಕೆ ದತ್ತಿ ಉಪನ್ಯಾಸಕ್ಕಿಂತ ಒಳ್ಳೆಯ ವೇದಿಕೆ ಸಿಗಲಾರದು. ದತ್ತಿಯೂ ಅನುದಾನವೇ ತಾನೆ. ಅಸಲು ಮುಟ್ಟುವ ಹಾಗಿಲ್ಲ, ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ ಆಗಬೇಕು. ಬ್ಯಾಂಕಿನವರು ಬಡ್ಡಿ ಇಳಿಸಿದ ಹಾಗೆಲ್ಲ ಇಂಥ ಸಭೆಗಳಲ್ಲಿ ಉಪ್ಪಿಟ್ಟು ಹೋಗಿ ಬಿಸ್ಕತ್ತು ಬಂದಿದೆ, ಶಾಲು ತೆಳ್ಳಗಾಗಿದೆ. ಭಾಷಣ ಮಾತ್ರ ನಿಂತಿಲ್ಲ. ದತ್ತಿ ಪತ್ರದಲ್ಲಿ ಹಾಗೆಂದು ಒಂದು ವಾಕ್ಯ ಬರೆದಿರುತ್ತದೆ, ಅದಕ್ಕೆ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಬಗೆಯ ವಾಕ್ಯಗಳ ಬಗ್ಗೆ.

ನಾನು ಲೆಕ್ಕಪತ್ರದ ಕಡೆಯವನು. ಸ್ವಯಂಸೇವಾ ಸಂಸ್ಥೆಗಳ ಪುಸ್ತಕ ತಿರುವಿ ಹಾಕುವುದು ನನ್ನ ಕಸುಬು. ಅನುದಾನ ಕೊಟ್ಟವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ: ಫಲಾನುಭವಿಗಳು ಎಷ್ಟು, ತರಬೇತಿ ಎಷ್ಟು, ಫೋಟೋ ಎಲ್ಲಿ, ರಸೀದಿ ಎಲ್ಲಿ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹತ್ತು ವರ್ಷ ಕಳೆದ ಮೇಲೆ ಅದೇ ಊರಿಗೆ ಹೋಗಿ ನೋಡಿದರೆ ಉಳಿದಿರುವುದು ಇವುಗಳ ಉತ್ತರದಲ್ಲಿ ಇದ್ದ ಯಾವುದೂ ಅಲ್ಲ. ಕಟ್ಟಡ ಸೋರುತ್ತಿರುತ್ತದೆ, ಯಂತ್ರ ಗುಜರಿ ಸೇರಿರುತ್ತದೆ. ಎಲ್ಲಾದರೂ ಏನಾದರೂ ಉಳಿದಿದ್ದರೆ ಅದು ಬದಲಾದ ಒಂದು ನಿಯಮ. ಬ್ಯಾಂಕಿನದ್ದೋ, ಜಲಮಂಡಳಿಯದ್ದೋ, ಕಡೆಗೆ ಊರವರು ತಮಗೆ ತಾವೇ ಹಾಕಿಕೊಂಡದ್ದೋ. ಸರ್ಕಾರದ ದುಡ್ಡಿನ ಮುಂದೆ ಅನುದಾನದ ದುಡ್ಡು ಯಾವತ್ತೂ ಚಿಲ್ಲರೆ. ಆ ಚಿಲ್ಲರೆಯಲ್ಲಿ ವಸ್ತು ಕೊಂಡರೆ ನಾಲ್ಕು ಜನಕ್ಕೆ ಸಾಕಾಗುತ್ತದೆ. ಸರ್ಕಾರಕ್ಕೆ, ಬ್ಯಾಂಕಿಗೆ ಧೈರ್ಯ ಬಾರದ ಒಂದು ಏರ್ಪಾಡನ್ನು ಅದರಲ್ಲಿ ನಡೆಸಿ ತೋರಿಸಿದರೆ ಅದು ಊರಿಗೇ ಬರುತ್ತದೆ.

ಇದು ನಾವೇ ಈಗ ಕಂಡುಹಿಡಿದ ಸಂಗತಿಯಲ್ಲ. ಬಿ.ಎಲ್. ರೈಸ್ ಅವರ ಶಾಸನ ಸಂಕಲನ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಬೆಂಗಳೂರು ಜಿಲ್ಲೆಯ ಸಂಪುಟ ಒಂಬತ್ತನೆಯದು, ಕೋಲಾರದ್ದು ಹತ್ತನೆಯದು. ಬಿಡುವಿದ್ದಾಗ ತೆರೆದು ನೋಡಿ. ಕೆರೆ ಕಟ್ಟಿಸಿದ ವಿಚಾರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಕೆರೆ ಕಟ್ಟಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಎಷ್ಟು ಪಾಲು, ತೆರಿಗೆ ಉಂಟೋ ಇಲ್ಲವೋ, ಮಕ್ಕಳ ಕಾಲಕ್ಕೂ ನಡೆಯುತ್ತದೋ ಇಲ್ಲವೋ ಎಂಬುದಕ್ಕೆ ಕಲ್ಲಿನ ಉಳಿದ ಜಾಗ. ದಶವಂದ, ಕಟ್ಟುಕೊಡಗೆ ಅಂತ ಕರೆದದ್ದು ಇದನ್ನೇ. ಕೆರೆ ತುಂಬಿದರೆ ಗದ್ದೆ ಬೆಳೆಯುತ್ತದೆ, ಗದ್ದೆ ಬೆಳೆದರೆ ಹೂಳೆತ್ತುವವನ ಪಾಲು ಬರುತ್ತದೆ. ನಿರ್ವಹಣೆಯ ವೆಚ್ಚ ಎಂದು ಯಾರ ಮುಂದೆಯೂ ಕೈಯೊಡ್ಡುವ ಹಾಗಿಲ್ಲ. ಕೊನೆಯಲ್ಲಿ, ಈ ದತ್ತಿಗೆ ಅಳುಪಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ. ಈಗ ಆ ಜಾಗದಲ್ಲಿ ಆಡಿಟ್ ಆಕ್ಷೇಪಣೆ ಬಂದು ಕೂತಿದೆ. ಹುಳುವಿನ ಭಯ ಹೆಚ್ಚು ಕೆಲಸ ಮಾಡುತ್ತಿತ್ತು ಅಂತ ನನ್ನ ಅನುಮಾನ.

ನಮ್ಮ ಕಾಲದ ಕಥೆಗೆ ಬರೋಣ. ಇದು ನಡೆದದ್ದು ಇದೇ ದಕ್ಷಿಣದ ಬರದ ಸೀಮೆಯಲ್ಲಿ. ಮೈರಾಡ ಸಂಸ್ಥೆ ಹುಟ್ಟಿದ್ದು 1968ರಲ್ಲಿ, ಟಿಬೆಟ್ಟಿನಿಂದ ಬಂದ ನಿರಾಶ್ರಿತರ ಪುನರ್ವಸತಿಗಾಗಿ. ಆಮೇಲೆ ಅದು ಬಡ ರೈತರ ಕಡೆ ತಿರುಗಿತು. ಸಾಲ ಸೌಲಭ್ಯಕ್ಕೆಂದು ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತು. 1984-85ರ ಹೊತ್ತಿಗೆ ಅವುಗಳಲ್ಲಿ ಹಲವು ಮುರಿದು ಬಿದ್ದವು. ಅಧ್ಯಕ್ಷ ಹೇಳಿದ್ದೇ ಮಾತು, ದೊಡ್ಡ ರೈತರು ತೆಗೆದುಕೊಂಡದ್ದೇ ಸಾಲ. ಆಗ ಕೆಲವು ಬಡ ಸದಸ್ಯರು ಸಂಸ್ಥೆಯವರ ಹತ್ತಿರ ಬಂದು, ನಾವು ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಅಂದರು. ಹಾಗಾದರೆ ನಿಮ್ಮಲ್ಲಿ ಒಬ್ಬರಿಗೊಬ್ಬರು ನಂಬಿಕೆ ಇರುವವರು ಸೇರಿಕೊಳ್ಳಿ, ನಿಮ್ಮ ಗುಂಪಿಗೇ ನೀವು ಕಟ್ಟಿಕೊಳ್ಳಿ ಎಂದು ಸಂಸ್ಥೆ ಹೇಳಿತು. ಆಗ ಅದರ ಮುಖ್ಯಸ್ಥರಾಗಿದ್ದ ಅಲೋಷಿಯಸ್ ಫರ್ನಾಂಡಿಸ್ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ.

ಲೆಕ್ಕಿಗನಾಗಿ ಈ ಜಾಗದಲ್ಲಿ ನಾನು ನಿಂತುಬಿಡುತ್ತೇನೆ. ಕೊಟ್ಟ ಸಾಲ ಕೊಟ್ಟವನಿಗೆ ವಾಪಸ್ಸು ಬರಲಿಲ್ಲ. ಇವತ್ತಿನ ಯಾವುದೇ ವರದಿಯಲ್ಲಿ ಅದು ವಸೂಲಾಗದ ಬಾಕಿ. ದಾನಿಗಳ ಕಡೆಯಿಂದ ಮರುದಿನವೇ ಇಮೇಲ್ ಬರುತ್ತಿತ್ತು. ಆದರೆ ನಮ್ಮ ಸ್ವಸಹಾಯ ಗುಂಪುಗಳ ಮೊದಲ ಬಂಡವಾಳ ಅದೇ ಬಾಕಿ.

ಆ ಗುಂಪುಗಳ ವಾರದ ಸಭೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಹದಿನೈದು ಇಪ್ಪತ್ತು ಹೆಂಗಸರು ಸುತ್ತ ಕೂತಿರುತ್ತಾರೆ. ನಡುವೆ ಒಂದು ತಗಡಿನ ಟ್ರಂಕು. ಟ್ರಂಕು ಒಬ್ಬಳ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬಳ ಸೆರಗಿನಲ್ಲಿ. ಊರಿನಲ್ಲಿ ನಾಲ್ಕಕ್ಷರ ಕಲಿತ ಹುಡುಗಿ ನಡಾವಳಿ ಬರೆದು ಗಟ್ಟಿಯಾಗಿ ಓದುತ್ತಾಳೆ. ಸಾಲ ಬೇಕಾದವಳು ಯಾಕೆ ಬೇಕು ಅಂತ ಎಲ್ಲರೆದುರು ಹೇಳಬೇಕು. ಹಸು ಕೊಳ್ಳಲು ಎಂದರೆ ಪ್ರಶ್ನೆಗಳ ಮಳೆ: ಯಾರ ಮನೆಯ ಹಸು, ಎಷ್ಟನೆಯ ಸೂಲು, ಹೊತ್ತಿಗೆಷ್ಟು ಹಾಲು, ಹುಲ್ಲು ಎಲ್ಲಿಂದ ತರುತ್ತೀಯೆ. ಯಾವ ಬ್ಯಾಂಕ್ ಮ್ಯಾನೇಜರಿಗೂ ಹೊಳೆಯದ ಪ್ರಶ್ನೆಗಳು ಇವು. ಇನ್ನು ಬಾಣಂತನಕ್ಕೆ, ರಾಗಿ ತರಲಿಕ್ಕೆ, ಮಗನ ಫೀಸಿಗೆ ಅಂತ ಕೇಳಿದರೆ ಬ್ಯಾಂಕು ಆಗದು ಅನ್ನುತ್ತಿತ್ತು. ಗುಂಪು ಕೊಡುತ್ತಿತ್ತು, ಯಾಕೆಂದರೆ ಇಲ್ಲಿ ಸಿಗದಿದ್ದರೆ ಅವಳು ಬಡ್ಡಿ ಸಾಹುಕಾರನ ಬಾಗಿಲಿಗೆ ಹೋಗುತ್ತಾಳೆ ಎಂಬುದು ಕೂತವರಿಗೆಲ್ಲ ಗೊತ್ತಿತ್ತು.

1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ ಮೈರಾಡಕ್ಕೆ ಕೊಟ್ಟ ಅನುದಾನ 10 ಲಕ್ಷ ರೂಪಾಯಿ. ಗುಂಪಿನ ಉಳಿತಾಯಕ್ಕೆ ಜೊತೆಗೂಡಿಸಲಿಕ್ಕೆ, ತರಬೇತಿಗೆ. ಅದರ ಫಲ ಕಾಣಿಸಿದ್ದು ರಸೀದಿಗಳಲ್ಲಲ್ಲ. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು, 1992ರ ಫೆಬ್ರವರಿಯಲ್ಲಿ ನಬಾರ್ಡ್ ಮಾರ್ಗಸೂಚಿ ಹೊರಡಿಸಿತು. ಪ್ರಾಯೋಗಿಕವಾಗಿ 500 ಗುಂಪುಗಳಿಗೆ ಸಾಲ. ರಿಜಿಸ್ಟರ್ ಆಗದ ಗುಂಪಿಗೆ ಸಾಲ ಕೊಡಬಹುದು, ಅಡಮಾನ ಬೇಡ, ಯಾತಕ್ಕೆ ಎಂಬುದನ್ನು ಗುಂಪೇ ನಿರ್ಧರಿಸಲಿ. ಬ್ಯಾಂಕಿಂಗ್ ಬಲ್ಲವರಿಗೆ ಈ ಮೂರೂ ಆ ಕಾಲಕ್ಕೆ ಎಂಥ ಮಾತುಗಳು ಅಂತ ಗೊತ್ತು. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಮಹಿಳಾ ಸಂಘಗಳು ದೇಶದಲ್ಲೇ ಹೀಗೆ ಮೊದಮೊದಲು ಬ್ಯಾಂಕ್ ಸಾಲ ಪಡೆದವು. 2000-01ರಲ್ಲಿ ನಮ್ಮ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ದಾರಿ ಆಗಲೇ ಸವೆದಿತ್ತು.

ಬದಲಾದ ನಿಯಮದಿಂದ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ತೆರೆದ ಅದೇ ಬಾಗಿಲಿನಲ್ಲಿ ಮೈಕ್ರೋ ಫೈನಾನ್ಸ್ ಕಂಪನಿಗಳೂ ನುಗ್ಗಿದವು. ಸಾಲ ತೀರಿಸುವ ಜವಾಬ್ದಾರಿ ಗುಂಪಿನದು ಎಂಬುದನ್ನು ಇಟ್ಟುಕೊಂಡು ಗುಂಪಿನ ತೀರ್ಮಾನವನ್ನು ಬಿಟ್ಟುಬಿಟ್ಟವು. ವಸೂಲಿಯ ಕಿರುಕುಳ ಎಷ್ಟಕ್ಕೆ ಮುಟ್ಟಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇಲ್ಲಿ ಕೂತಿರುವ ಹಲವರಿಗೆ ಆ ವಸೂಲಿ ಹುಡುಗರ ಬೈಕಿನ ಸದ್ದು ಗುರುತಿರಬಹುದು.

ಹಳ್ಳಿಯ ಮಾತಾಯಿತು, ನಮ್ಮ ನಗರ ಏನು ಮಾಡಿತು ಅಂದರೆ ಎರಡು ಕಥೆ ಇವೆ. ಒಂದು ನೆದರ್ಲೆಂಡ್ಸ್ ಸರ್ಕಾರದ ನೆರವಿನಲ್ಲಿ 1993ರಿಂದ 1999ರವರೆಗೆ ನಡೆದ ಬೆಂಗಳೂರು ನಗರ ಬಡತನ ಕಾರ್ಯಕ್ರಮ. ಉದ್ದೇಶ ಘನವಾದದ್ದು. ಕೊಳೆಗೇರಿಗೊಂದು ಅಭಿವೃದ್ಧಿ ತಂಡ, ಮೇಲೆ ಸಮಿತಿ, ಸಮಿತಿಯಲ್ಲಿ ಇಲಾಖೆಗಳೂ ಸಂಸ್ಥೆಗಳೂ. ಇಷ್ಟೊಂದು ಕುರ್ಚಿ ಹಾಕಿದರೆ ಏನಾಗುತ್ತದೋ ಅದೇ ಆಯಿತು. ಇಲಾಖೆ ಇಲಾಖೆ ಹೊಂದಿಕೊಳ್ಳಲಿಲ್ಲ, ತಂಡಗಳಲ್ಲಿ ಬಹಳ ಕಡೆ ಹಳೆಯ ಮುಖಂಡರೇ ಬಂದು ಕೂತರು. ಇವತ್ತು ಈ ಸಭೆಯಲ್ಲಿ ಆ ಹೆಸರು ಕೇಳಿದವರು ಕೈ ಎತ್ತಿ ಅಂದರೆ ಎಷ್ಟು ಕೈ ಏಳುತ್ತವೋ ಕಾಣೆ.

ಇನ್ನೊಂದು, 2000ದಿಂದ 2002ರ ನಡುವೆ ಆಸ್ಟ್ರೇಲಿಯಾ ಸರ್ಕಾರದ ನೆರವಿನಲ್ಲಿ ನಡೆದದ್ದು. ಜಲಮಂಡಳಿಗೆ ದೊಡ್ಡ ಮಾಸ್ಟರ್ ಪ್ಲಾನ್ ಮಾಡಿಕೊಡುವುದು ಅದರ ಮುಖ್ಯ ಕೆಲಸ. ಅದರ ಬಾಲಕ್ಕೆ ಕಟ್ಟಿದ ಸಣ್ಣ ಕೆಲಸವೊಂದಿತ್ತು: ಮೂರು ಕೊಳೆಗೇರಿಗಳಲ್ಲಿ ಪ್ರಾಯೋಗಿಕವಾಗಿ ನೀರು, ಒಳಚರಂಡಿ. ಮೂರರಲ್ಲಿ ಒಂದು ಲಾಲ್‌ಬಾಗಿನ ಆ ಬದಿಯ ಸುಧಾಮನಗರ. ಇನ್ನೊಂದು ಚಂದ್ರಾನಗರ.

ಅಲ್ಲಿಯ ತನಕ ಮನೆಗೆ ನಲ್ಲಿ ಬೇಕು ಎಂದರೆ ಮಂಡಳಿ ಕೇಳುತ್ತಿದ್ದುದು ಜಾಗದ ಪತ್ರ. ಖಾತೆ ತನ್ನಿ, ಕಂದಾಯದ ರಸೀದಿ ತನ್ನಿ. ಕೊಳೆಗೇರಿಯವರ ಹತ್ತಿರ ಅದು ಎಲ್ಲಿಂದ ಬರಬೇಕು? ಆದ್ದರಿಂದ ಬೀದಿ ನಲ್ಲಿ, ಬೆಳಗಿನ ಜಾವದ ಬಿಂದಿಗೆ ಸಾಲು, ಜಗಳ. ಈ ಪ್ರಯೋಗದ ನೆಪದಲ್ಲಿ ಮಂಡಳಿ ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿಯಂಥ ವಾಸದ ದಾಖಲೆಯನ್ನು ಒಪ್ಪಿಕೊಂಡಿತು. ಚಿಕ್ಕ ಮನೆಗಳಿಗೆ ಸಂಪರ್ಕ ಶುಲ್ಕ ಇಳಿಸಿತು. ತನ್ನೊಳಗೆ ಸಾಮಾಜಿಕ ಅಭಿವೃದ್ಧಿ ಘಟಕವೊಂದನ್ನು ತೆರೆಯಿತು. ನೀರು ಕೊಟ್ಟರೆ ಜಾಗದ ಹಕ್ಕು ಕೊಟ್ಟ ಹಾಗಲ್ಲ ಎಂಬ ಸರಳ ವಿವೇಕ ಕಾಗದದ ಮೇಲೆ ಬರಲು ಒಬ್ಬ ಪರದೇಶಿ ದಾನಿ ಬೇಕಾಯಿತು ಎಂಬುದು ನಾಚಿಕೆಯ ವಿಷಯವೋ, ಸಮಾಧಾನದ್ದೋ, ನೀವೇ ಹೇಳಿ. ಮಂಡಳಿಗೂ ಇದರಲ್ಲಿ ಲಾಭವಿತ್ತು ಅನ್ನಿ: ಬೀದಿ ನಲ್ಲಿಗೆ ಬಿಲ್ಲು ಇಲ್ಲ, ಮನೆಯ ನಲ್ಲಿಗೆ ಬಿಲ್ಲು ಉಂಟು.

ಮುಂದೆ 2003ರಲ್ಲಿ ದೆಹಲಿ ಒಂದು ತೀರ್ಮಾನ ಮಾಡಿತು. ಸಣ್ಣ ದೇಶಗಳಿಂದ ಇನ್ನು ಸರ್ಕಾರದ ಮಟ್ಟದ ನೆರವು ಬೇಡ. ಜಪಾನ್, ಬ್ರಿಟನ್, ಜರ್ಮನಿ, ಅಮೆರಿಕ, ಐರೋಪ್ಯ ಒಕ್ಕೂಟ, ರಷ್ಯಾ, ಇಷ್ಟು ಸಾಕು. ಪಟ್ಟಿಯಲ್ಲಿ ನೆದರ್ಲೆಂಡ್ಸ್ ಇಲ್ಲ, ಆಸ್ಟ್ರೇಲಿಯಾ ಇಲ್ಲ. ಇಬ್ಬರು ದಾನಿಗಳಿಗೂ ಒಟ್ಟಿಗೇ ಬಾಗಿಲು ಮುಚ್ಚಿತು. ಹೀಗೆ ದಾನಿ ಎದ್ದು ಹೋಗುವುದು ಊರಿನವರ ತಪ್ಪಿನಿಂದಲೇ ಆಗಬೇಕೆಂದಿಲ್ಲ. ಎಲ್ಲೋ ಒಂದು ಮೇಜಿನ ಮೇಲೆ ನೀತಿ ಬದಲಾದರೆ ಸಾಕು. ಒಬ್ಬರು ಸಮಿತಿಗಳನ್ನು ಬಿಟ್ಟು ಹೋದರು, ಸಮಿತಿಗಳು ಕರಗಿದವು. ಇನ್ನೊಬ್ಬರು ರೇಷನ್ ಕಾರ್ಡ್ ನಡೆಯುತ್ತದೆ ಎಂಬ ಒಂದು ಸಾಲನ್ನು ಬಿಟ್ಟು ಹೋದರು. ಮೂರು ಕೇರಿಗೆಂದು ಬರೆದ ಆ ಸಾಲು ಮುಂದೆ ಬೇರೆ ಕೇರಿಗಳಿಗೂ ನಡೆಯಿತು.

ಈಗ ಅನುದಾನದ ರೂಪವೇ ಬೇರೆ. ಪರದೇಶದ ದುಡ್ಡಿಗೆ 2010ರ ವಿದೇಶಿ ವಂತಿಗೆ ಕಾಯಿದೆ, ಅದಕ್ಕೆ 2020ರ ತಿದ್ದುಪಡಿ. ಹಣ ಮೊದಲು ಬಂದು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ 50ರಿಂದ 20 ಪರ್ಸೆಂಟಿಗೆ ಇಳಿದಿದೆ. ದೊಡ್ಡ ಸಂಸ್ಥೆ ಹಣ ತಂದು ಕೋಲಾರದ ಮೂಲೆಯ ಚಿಕ್ಕ ಸಂಸ್ಥೆಗೆ ಹಂಚುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಕಳ್ಳರನ್ನು ಹಿಡಿಯಬೇಕು, ಸರಿ. ಆದರೆ ಈ ಬಲೆಗೆ ಸಿಕ್ಕಿದ ಮೀನುಗಳಲ್ಲಿ ಸಣ್ಣವೇ ಜಾಸ್ತಿ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು ಬಂದದ್ದು 2014ರ ಏಪ್ರಿಲ್‌ನಿಂದ. 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ಲಾಭ ಇದ್ದ ಕಂಪನಿ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಜಯನಗರ, ಜೆ.ಪಿ. ನಗರದ ಸುತ್ತ ಇರುವ ಸಂಸ್ಥೆಗಳು ಈಗ ಹೆಚ್ಚಾಗಿ ಕಣ್ಣಿಟ್ಟಿರುವುದು ಇದರ ಮೇಲೆಯೇ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಆಡಳಿತ ವೆಚ್ಚ 5 ಪರ್ಸೆಂಟ್ ಮೀರಬಾರದು ಅಂತ ನಿಯಮ ಹೇಳುವುದು ಕಂಪನಿಯ ಸ್ವಂತ ಖರ್ಚಿನ ಬಗ್ಗೆ. ಯೋಜನೆ ರೂಪಿಸುವ, ನಡೆಸುವ, ಮೇಲ್ವಿಚಾರಣೆ ಮಾಡುವ ಖರ್ಚು ಅದರೊಳಗೆ ಬರುವುದಿಲ್ಲ. ಆದರೆ ಎಷ್ಟೋ ಕಂಪನಿಗಳ ಅಧಿಕಾರಿಗಳು ಆ 5 ಪರ್ಸೆಂಟನ್ನು ತಂದು ಸಂಸ್ಥೆಯ ತಲೆಗೆ ಕಟ್ಟುತ್ತಾರೆ, ಸಂಸ್ಥೆಯವರು ಹೆದರಿ ಒಪ್ಪಿಕೊಳ್ಳುತ್ತಾರೆ. ಕೇರಿಯಲ್ಲಿ ಓಡಾಡುವ ಕಾರ್ಯಕರ್ತೆಯ ಸಂಬಳ ಮೊದಲು ಹೋಗುವುದು ಹೀಗೆ. ಮುಂದಿನ ಬಾರಿ ಯಾರಾದರೂ ಹಾಗೆಂದರೆ, 2021ರ ತಿದ್ದುಪಡಿಯ ನಿಯಮ ಓದಿ ಬನ್ನಿ ಸ್ವಾಮಿ ಎಂದು ನಯವಾಗಿ ಹೇಳಿ.

ಕಾಲದ ಮಾತು ಇನ್ನೂ ಗಂಭೀರ. ಕಂಪನಿಯ ನಡೆಯುತ್ತಿರುವ ಯೋಜನೆಗೆ ಸಿಗುವ ಅವಧಿ, ಶುರುವಾದ ವರ್ಷ ಬಿಟ್ಟು ಮೂರು ವರ್ಷ. ಮೈರಾಡದ ಗುಂಪುಗಳು ಹುಟ್ಟಿದ್ದು 1984-85ರಲ್ಲಿ, ಬ್ಯಾಂಕಿನ ನಿಯಮ ಬದಲಾದದ್ದು 1992ರಲ್ಲಿ. ಇವತ್ತಿನ ಲೆಕ್ಕದಲ್ಲಿ ಆ ಯೋಜನೆ ಅಷ್ಟರಲ್ಲಿ ಎಂದೋ ಮುಗಿದು, ಮುಕ್ತಾಯ ಸಮಾರಂಭವೂ ಆಗಿ, ಫಲಕ ಬಿಚ್ಚಿಟ್ಟಿರುತ್ತಿದ್ದರು.

ಸರ್ಕಾರದ ಅನುದಾನಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು. ಕೇಂದ್ರದ್ದಾದರೆ ನಮೂನೆ 12-ಎ. ಹೋದ ವರ್ಷದ ಉಳಿಕೆ, ಈ ವರ್ಷ ಬಂದದ್ದು, ಖರ್ಚು, ಬಾಕಿ. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಹುಟ್ಟಿದ ಬಡ್ಡಿಯನ್ನೂ ತೋರಿಸಿ ಹಿಂದಿರುಗಿಸಬೇಕು. ಶಿಸ್ತಿನ ಕಾಗದ, ನನಗೆ ಇಷ್ಟ. ಆದರೆ ಏನು ತಿಳಿಯಿತು, ಯಾವ ಕಟ್ಟಳೆ ಅಡ್ಡ ಬಂತು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಯಾವುದೇ ಸಂಸ್ಥೆಯ ಕಚೇರಿಗೆ ಹೋಗಿ ನೋಡಿ: ದುಡ್ಡು ಮುಗಿಸಬೇಕು. ಬ್ಯಾನರು, ಫೈಲು, ಕುರ್ಚಿ, ಹೊಲಿಗೆ ಯಂತ್ರ. ಹೊಲಿಗೆ ಯಂತ್ರಕ್ಕಂತೂ ದಾನಿಗಳ ಮನಸ್ಸಿನಲ್ಲಿ ಖಾಯಂ ಸ್ಥಾನ. ರಿಬ್ಬನ್ ಕಟ್ಟಿದರೆ ಫೋಟೋ ಚೆನ್ನಾಗಿ ಬರುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನವರು ಕೇಳುವುದು ಪವರ್ ಮೆಷಿನ್ ಕೈ. ಪೆಡಲ್ ತುಳಿದು ಕಲಿತವಳನ್ನು ಅವರು ಹೆಲ್ಪರ್ ಎಂದೇ ಸೇರಿಸಿಕೊಳ್ಳುತ್ತಾರೆ. ಬೀದಿಯಲ್ಲಿ ಬ್ಲೌಸ್ ಹೊಲಿಯೋಣ ಅಂದರೆ ಅದೇ ಬೀದಿಗೆ ಅದೇ ದಾನಿ ಇನ್ನೂ ಹತ್ತು ಯಂತ್ರ ಕೊಟ್ಟಿರುತ್ತಾನೆ. ಒಬ್ಬಾಕೆ ತನ್ನ ಯಂತ್ರದ ಮೇಲೆ ಟಿವಿ ಇಟ್ಟಿದ್ದಳು. ಒಳ್ಳೆಯ ಸ್ಟ್ಯಾಂಡು ಸಾರ್, ಅಲುಗಾಡಲ್ಲ ಅಂದಳು.

ಹಾಗಾದರೆ ಸಿದ್ದಾಪುರಕ್ಕೆ ನಾಳೆ ಯಾರಾದರೂ ಒಂದಿಷ್ಟು ಲಕ್ಷ ಹಿಡಿದು ಬಂದರೆ ಏನು ಕೇಳಬೇಕು? ನನ್ನ ಮನಸ್ಸಿನಲ್ಲಿರುವ ಒಂದು ಹೇಳುತ್ತೇನೆ. ಇಲ್ಲಿಂದ ಜಯನಗರದ ಬ್ಲಾಕುಗಳಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರು ಹೊರಡುವುದು ಬೆಳಕು ಹರಿಯುತ್ತಿದ್ದಂತೆ. ನರ್ಸರಿಗಳಲ್ಲಿ ಕವರಿಗೆ ಮಣ್ಣು ಗೊಬ್ಬರ ತುಂಬುವವರೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಅಂಗನವಾಡಿಯ ಬಾಗಿಲು ತೆರೆಯುವುದು ಅದಾಗಿ ಎಷ್ಟೋ ಹೊತ್ತಿನ ಮೇಲೆ. ನಡುವಿನ ಆ ಎರಡು ಮೂರು ಗಂಟೆ ಮಗು ಯಾರ ಹತ್ತಿರ? ಅಜ್ಜಿ ಇದ್ದರೆ ಅಜ್ಜಿ. ಇಲ್ಲದಿದ್ದರೆ ದೊಡ್ಡ ಮಗಳು, ಅವಳ ಶಾಲೆಗೆ ಚಕ್ಕರ್. ಅದೂ ಇಲ್ಲದಿದ್ದರೆ ತಾಯಿ ಒಂದು ಮನೆಯ ಕೆಲಸ ಬಿಡುತ್ತಾಳೆ, ಆ ತಿಂಗಳ ಚೀಟಿ ಕಟ್ಟುವುದು ತಪ್ಪುತ್ತದೆ.

ಒಂದು ಕೋಣೆ, ಇಬ್ಬರು ಆಯಾಗಳು, ಬೆಳಿಗ್ಗೆ ಆರೂವರೆಯಿಂದ ಅಂಗನವಾಡಿ ತೆರೆಯುವ ತನಕ. ಇದನ್ನು ಶಾಶ್ವತವಾಗಿ ನಡೆಸುತ್ತೇವೆಂದು ದಾನಿಗೆ ಮಾತು ಕೊಡಬೇಡಿ, ಆಗುವುದಿಲ್ಲ. ಎರಡು ವರ್ಷ ನಡೆಸಿ, ಪುಸ್ತಕ ಬರೆದಿಡುತ್ತೇವೆ ಅನ್ನಿ. ಯಾವ ಮಗು ಎಷ್ಟು ಗಂಟೆಗೆ ಬಂತು, ತಾಯಿ ಎಷ್ಟು ಮನೆ ಹಿಡಿದಳು, ಸಂಪಾದನೆ ಎಷ್ಟು ಏರಿತು, ಅಕ್ಕ ಶಾಲೆಗೆ ಎಷ್ಟು ದಿನ ಹೋದಳು, ಹಾಲಿಗೆಷ್ಟು, ಬಾಡಿಗೆಗೆಷ್ಟು. ತಿಂಗಳಿಗೊಮ್ಮೆ ಅದನ್ನು ಕೋಣೆಯ ಮುಂದೆ ತಾಯಂದಿರಿಗೇ ಓದಿ ಹೇಳಿ. ತಪ್ಪು ಬರೆದಿದ್ದರೆ ಅಲ್ಲೇ ಹಿಡಿಯುತ್ತಾರೆ, ನನ್ನಂಥ ಆಡಿಟರ್ ಬರುವ ತನಕ ಕಾಯಬೇಕಾಗಿಲ್ಲ. ಆಮೇಲೆ ಆ ಪುಸ್ತಕ ಹಿಡಿದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಹೋಗಿ ಕೇಳಬೇಕಾದ್ದು ದುಡ್ಡನ್ನಲ್ಲ. ನಗರದ ಇಂಥ ಬಡಾವಣೆಗಳಲ್ಲಿ ಅಂಗನವಾಡಿ ಕಟ್ಟಡವನ್ನು ಬೆಳಗಿನ ಹೊತ್ತು ತಾಯಂದಿರ ಸಂಘಕ್ಕೆ ಬಿಟ್ಟುಕೊಡಬಹುದು ಎಂಬ ಒಂದು ಆದೇಶವನ್ನು.

ಬಜೆಟ್ಟಿನಲ್ಲಿ ಎರಡು ಬಾಬ್ತು ಮರೆಯದೆ ಬರೆಯಿರಿ. ಒಂದು, ಪುಸ್ತಕ ಬರೆಯುವ ಹುಡುಗಿಯ ಸಂಬಳ. ಸ್ವಯಂಸೇವೆ ಅಂತ ಅವಳ ಕೈಯಲ್ಲಿ ಬಿಟ್ಟಿ ಕೆಲಸ ಮಾಡಿಸಬೇಡಿ. ಇನ್ನೊಂದು ಕಡತದ ಹಿಂದಿನ ಓಡಾಟ. ಸರ್ಕಾರಿ ಕಚೇರಿಗಳ ಬಹುಮಹಡಿ ಕಟ್ಟಡಕ್ಕೆ ಹೋದ ಕಾಗದ ತಾನಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆಯುವುದಿಲ್ಲ, ಯಾರಾದರೂ ಹಿಂದೆ ಹೋಗಿ ನಿಲ್ಲಬೇಕು. ಹೋಗುವವಳಿಗೆ ಅವತ್ತಿನ ಕೂಲಿ ತಪ್ಪುತ್ತದೆ, ಅದನ್ನು ಕಟ್ಟಿಕೊಡಬೇಕು. ದಾನಿ ಈ ಎರಡಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾನೆ. ಎಳೆದರೆ ಆಟದ ಸಾಮಾನಿನ ಬಾಬ್ತು ಬೇಕಾದರೆ ಬಿಟ್ಟುಕೊಡಿ, ಇವನ್ನು ಬಿಡಬೇಡಿ.

ಕೋಣೆ ಯಾವ ಬೀದಿಯಲ್ಲಿ ಸಿಕ್ಕೀತು, ಅಡ್ವಾನ್ಸ್ ಎಷ್ಟು ಕೇಳುತ್ತಾರೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಆ ಪುಸ್ತಕಕ್ಕೆ ಕಲಂ ಹಾಕಿಕೊಡುವ ಕೆಲಸ ನನಗೆ ಬಿಡಿ, ಫೀಸು ಕೇಳುವುದಿಲ್ಲ.